ವಿದೇಶಿ ಮಕ್ಕಳಿಗೆ ಮನೆ ಹುಡುಕುವ ಸೇವೆ: ನಾಗಪುರದ ಕನ್ನಡಿಗರೂ ಕೈಜೋಡಿಸಲಿ

ಹೊರನಾಡಿನ ಯಾವ ಕನ್ನಡ ಸಂಘದ ವಾರ್ಷಿಕ ವರದಿಯನ್ನು ತೆರೆದರೂ ರಾಜ್ಯೋತ್ಸವ, ಗಣೇಶೋತ್ಸವ, ಅರಸಿನ ಕುಂಕುಮ, ವಿಹಾರಕೂಟ, ಪ್ರತಿಭಾ ಪುರಸ್ಕಾರ ಇಷ್ಟು ಇದ್ದೇ ಇರುತ್ತವೆ. ಊರಿನಿಂದ ಯಕ್ಷಗಾನ ಮೇಳವನ್ನೋ ನಾಟಕ ತಂಡವನ್ನೋ ಕರೆಸಿದಾಗ ಕಲಾವಿದರ ಊಟ-ವಸತಿಯನ್ನು ಸದಸ್ಯರ ಮನೆಗಳಿಗೇ ಹಂಚುವ ವಾಡಿಕೆಯೂ ಹಳೆಯದು. ಕಾರ್ಯದರ್ಶಿಯವರು ಸದಸ್ಯರ ಪಟ್ಟಿ ಎದುರಿಗಿಟ್ಟುಕೊಂಡು ಫೋನು ಹಿಡಿದು ಕುಳಿತರೆ ಸಂಜೆಯೊಳಗೆ ಭಾಗವತರಿಗೆ ಒಂದು ಮನೆ, ಮದ್ದಳೆಯವರಿಗೆ ಇನ್ನೊಂದು ಮನೆ ಗೊತ್ತಾಗಿರುತ್ತದೆ. ಯಾರ ಮನೆಯಲ್ಲಿ ಹೆಚ್ಚಿನ ಕೋಣೆ ಇದೆ, ಯಾರ ಮನೆಯಲ್ಲಿ ಮಗಳ ಬಾಣಂತನ ನಡೆದಿದೆ, ಯಾರಿಗೆ ವರ್ಗಾವಣೆಯ ಆದೇಶ ಬಂದಿದೆ ಎಂಬುದೆಲ್ಲ ಸಂಘದ ನಾಲ್ಕು ಮಂದಿಗೆ ಬಾಯಿಪಾಠ. ಹಣದ ಠೇವಣಿಗಿಂತ ದೊಡ್ಡ ಆಸ್ತಿ ಇದು. ಈ ಆಸ್ತಿ ಉಪಯೋಗಕ್ಕೆ ಬರಬಹುದಾದ ಇನ್ನೊಂದು ಸೇವಾಕಾರ್ಯದ ಕಡೆಗೆ ಸಂಘಗಳ ಗಮನ ಅಷ್ಟಾಗಿ ಹರಿದಿಲ್ಲ. ಅದು ವಿನಿಮಯ ಯೋಜನೆಯಲ್ಲಿ ಓದಲು ಬರುವ ವಿದೇಶಿ ವಿದ್ಯಾರ್ಥಿಗಳಿಗೆ ಆತಿಥೇಯ ಕುಟುಂಬಗಳನ್ನು ಹುಡುಕಿಕೊಡುವ ಕೆಲಸ.

ಹದಿನೈದರಿಂದ ಹತ್ತೊಂಬತ್ತು ವರ್ಷದೊಳಗಿನ ಮಕ್ಕಳು ಒಂದು ಶೈಕ್ಷಣಿಕ ವರ್ಷದ ಮಟ್ಟಿಗೆ ಬೇರೆ ದೇಶಕ್ಕೆ ಹೋಗಿ, ಅಲ್ಲಿಯ ಒಂದು ಕುಟುಂಬದ ಜೊತೆಗಿದ್ದು, ಅಲ್ಲಿಯ ಶಾಲೆಗೆ ಹೋಗುವ ವ್ಯವಸ್ಥೆಯನ್ನು ರೋಟರಿ ಬಹಳ ಕಾಲದಿಂದ ನಡೆಸುತ್ತಿದೆ. ನಾಗಪುರದ ರೋಟರಿ ಕ್ಲಬ್ಬುಗಳು 3030ನೇ ಜಿಲ್ಲೆಗೆ ಸೇರಿದವು. ಇಂಥದೇ ಕೆಲಸ ಮಾಡುವ ಇನ್ನೊಂದು ಸಂಸ್ಥೆ ಎಎಫ್‌ಎಸ್. ಇದರ ಮೂಲ ಒಂದನೆಯ ಮಹಾಯುದ್ಧದಲ್ಲಿ ಫ್ರಾನ್ಸಿನ ರಣರಂಗದಿಂದ ಗಾಯಾಳುಗಳನ್ನು ಸಾಗಿಸುತ್ತಿದ್ದ ಅಮೆರಿಕದ ಸ್ವಯಂಸೇವಕ ಆಂಬ್ಯುಲೆನ್ಸ್ ಚಾಲಕರ ಪಡೆ. ಎರಡನೆಯ ಮಹಾಯುದ್ಧದಲ್ಲೂ ಅದೇ ಕೆಲಸ ಮಾಡಿದ ಅವರು, ಯುದ್ಧ ಮುಗಿದ ಮೇಲೆ 1947ರಲ್ಲಿ ಶಾಲಾ ಮಕ್ಕಳ ವಿನಿಮಯ ಆರಂಭಿಸಿದರು. ಹೆಣ ಹೊತ್ತು ಸಾಕಾದವರಿಗೆ, ಮಕ್ಕಳು ಒಬ್ಬರ ಮನೆಯಲ್ಲಿ ಒಬ್ಬರು ಉಂಡು ಬೆಳೆದರೆ ಮುಂದೆ ಹೊಡೆದಾಡುವುದು ಕಡಿಮೆಯಾದೀತು ಎಂದು ತೋರಿದ್ದರಲ್ಲಿ ಆಶ್ಚರ್ಯವಿಲ್ಲ. 2001ರ ಸೆಪ್ಟೆಂಬರ್ 11ರ ದಾಳಿಯ ಬಳಿಕ, 2002ರಲ್ಲಿ, ಅಮೆರಿಕ ಸರಕಾರವು ಮುಸ್ಲಿಂ ಜನಸಂಖ್ಯೆ ಗಣನೀಯವಾಗಿರುವ ದೇಶಗಳ ಮಕ್ಕಳಿಗಾಗಿ ಹೊಸ ವಿನಿಮಯ ಯೋಜನೆಯನ್ನೇ ತೆರೆಯಿತು. ಭಾರತದ ಮಕ್ಕಳೂ ಅದರಲ್ಲಿ ಹೋಗಿಬಂದಿದ್ದಾರೆ.

ಈ ಎಲ್ಲ ಯೋಜನೆಗಳಿಗೂ ಆಧಾರ ಸಂಬಳವಿಲ್ಲದ ಆತಿಥ್ಯ. ಶಾಲಾ ವಿನಿಮಯದ ಮಗುವನ್ನು ಇಟ್ಟುಕೊಳ್ಳುವ ಅಮೆರಿಕದ ಕುಟುಂಬಕ್ಕೆ ಹಣ ಕೊಡಕೂಡದೆಂದು ಅಲ್ಲಿಯ ಸರಕಾರದ ನಿಯಮವೇ ಇದೆ. ಆದಾಯ ತೆರಿಗೆಯ ಲೆಕ್ಕದಲ್ಲಿ ತಿಂಗಳಿಗೆ 50 ಡಾಲರಿನ ಒಂದು ವಿನಾಯಿತಿ ಉಂಟು, ಅಷ್ಟೇ. ಅಷ್ಟು ದುಡ್ಡಿಗೆ ಬೆಳೆಯುವ ಹುಡುಗನ ಒಂದು ವಾರದ ಹಾಲು-ಬ್ರೆಡ್ಡು ಬಂದೀತೋ ಇಲ್ಲವೋ. ಆದರೂ ಅಲ್ಲಿಯ ಸಾಮಾನ್ಯ ಮನೆಗಳು ಭಾರತದ ಮಕ್ಕಳನ್ನು ವರ್ಷಗಟ್ಟಲೆ ಸಾಕುತ್ತ ಬಂದಿವೆ.

ಮಾತು ಬರಬೇಕಾದದ್ದು ಇಲ್ಲಿಗೇ. ವಿನಿಮಯ ಎಂದರೆ ಕೊಟ್ಟು ತೆಗೆದುಕೊಳ್ಳುವುದು. ಮಗನನ್ನೋ ಮಗಳನ್ನೋ ಬ್ರೆಜಿಲಿಗೆ, ಜರ್ಮನಿಗೆ, ಅಮೆರಿಕಕ್ಕೆ ಕಳುಹಿಸಲು ಉತ್ಸಾಹದಿಂದ ಅರ್ಜಿ ತುಂಬುವ ತಂದೆ-ತಾಯಿ, ಅಲ್ಲಿಂದ ಬರುವ ಮಗುವನ್ನು ಇಟ್ಟುಕೊಳ್ಳುವ ಪ್ರಶ್ನೆ ಬಂದೊಡನೆ ಮನೆ ಚಿಕ್ಕದೆಂದೋ ಅತ್ತೆಗೆ ಹುಷಾರಿಲ್ಲವೆಂದೋ ಹಿಂದೆ ಸರಿಯುವುದುಂಟು. ಮಗ ಹೋದ ಕೋಣೆ ಖಾಲಿಯೇ ಇರುತ್ತದೆ! ಇದು ನಾಗಪುರದವರ ದೋಷ ಮಾತ್ರವಲ್ಲ, ಕನ್ನಡಿಗರ ದೋಷ ಮಾತ್ರವಂತೂ ಅಲ್ಲ. ಆದರೆ ಸಾಲ ತೆಗೆದುಕೊಳ್ಳಲು ಸಾಲಿನಲ್ಲಿ ಮುಂದೆ, ಕಂತು ಕಟ್ಟಲು ಹಿಂದೆ ಎಂಬ ಖಾತೆ ಹೆಚ್ಚು ದಿನ ನಡೆಯುವುದಿಲ್ಲ.

ಪರರ ಮಗುವನ್ನು ಮನೆಯಲ್ಲಿಟ್ಟು ಓದಿಸುವುದು ಕನ್ನಡ ನಾಡಿಗೆ ವಿದೇಶದಿಂದ ಬಂದ ಕಲ್ಪನೆಯಲ್ಲ. ವಾರಾನ್ನದ ಪದ್ಧತಿ ಇಂದು ಅಜ್ಜ-ಅಜ್ಜಿಯರಿಗಷ್ಟೇ ನೆನಪಿರಬಹುದು. ಹಳ್ಳಿಯಿಂದ ಪಟ್ಟಣಕ್ಕೆ ಓದಲು ಬಂದ ಬಡ ಹುಡುಗ ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ ಎಂದು ಏಳು ಮನೆ ಗೊತ್ತುಮಾಡಿಕೊಳ್ಳುತ್ತಿದ್ದ. ಮಹಾರಾಷ್ಟ್ರದಲ್ಲೂ ವಾರ ಹಚ್ಚಿ ಊಟಮಾಡುವ ಇದೇ ಪದ್ಧತಿ ಇತ್ತು. ಆದ್ದರಿಂದ ಈ ವಿಷಯವನ್ನು ನೆರೆಯ ಮರಾಠಿ ಮನೆಗಳಿಗೂ ವಿವರಿಸಿ ಹೇಳಬೇಕಾಗಿಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಓದುವಾಗ ಕೊಡಗಿನ ಕುಟುಂಬವೊಂದರ ಮಕ್ಕಳಿಗೆ ಪಾಠ ಹೇಳಿಕೊಡುತ್ತ ಅವರ ಆಶ್ರಯದಲ್ಲಿದ್ದರು. ಮುಂಬಯಿಯಲ್ಲಿ ಹಗಲು ಹೊಟೇಲಿನಲ್ಲಿ ದುಡಿದು, ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿ, ಅದೇ ಹೊಟೇಲಿನ ಬೆಂಚಿನ ಮೇಲೆ ಮಲಗಿ ಮೇಲೆ ಬಂದವರ ಕತೆ ಈ ಪುಟದ ಓದುಗರಿಗೆ ಹೊಸದಲ್ಲ.

ಹಾಗೆಂದು ವಾರಾನ್ನವನ್ನು ಹೊಗಳುತ್ತ ಕೂರಬೇಕಾಗಿಯೂ ಇಲ್ಲ. ಅಲ್ಲಿ ಸಾಮಾನ್ಯವಾಗಿ ಜಾತಿ ನೋಡಿಯೇ ಎಲೆ ಹಾಕುತ್ತಿದ್ದರು. ಉಂಡ ಹುಡುಗನಿಗೆ ಮನೆಯವರ ಚಾಕರಿಯೂ ಇತ್ತು, ಎಲ್ಲರದೂ ಆದ ಮೇಲೆ ಕೊನೆಯ ಪಂಕ್ತಿಯೂ ಇತ್ತು. ಆತಿಥೇಯ ಕುಟುಂಬದಲ್ಲಿ ಹಾಗಿಲ್ಲ. ಬಂದ ಮಗು ಅತಿಥಿಯೂ ಅಲ್ಲ, ಪೇಯಿಂಗ್ ಗೆಸ್ಟೂ ಅಲ್ಲ. ಮನೆಯ ಮಕ್ಕಳಲ್ಲಿ ಒಂದು. ತಿಂದ ತಟ್ಟೆ ತಾನೇ ಎತ್ತಿಡಬೇಕು, ರಾತ್ರಿ ಹೊತ್ತು ಮೀರಿ ಬಂದರೆ ಬೈಸಿಕೊಳ್ಳಬೇಕು, ಹಬ್ಬ ಬಂದರೆ ಹೊಸ ಬಟ್ಟೆಯನ್ನೂ ಪಡೆಯಬೇಕು.

ಮನೆಗಳು ಏಕೆ ಸಿಗುವುದಿಲ್ಲ? ಕೇಳಿದರೆ ಯಾರೂ ದೊಡ್ಡ ತತ್ವದ ಕಾರಣ ಹೇಳುವುದಿಲ್ಲ. ಎಲ್ಲವೂ ಚಿಕ್ಕ ಚಿಕ್ಕ ಸಂಕೋಚಗಳು. ಮನೆ ಎರಡೇ ಕೋಣೆಯದು, ಅದರಲ್ಲಿ ಒಂದರಲ್ಲಿ ಅಜ್ಜಿ ಮಲಗುತ್ತಾರೆ. ಮಗಳು ಹನ್ನೆರಡನೆಯ ತರಗತಿಯಲ್ಲಿದ್ದಾಳೆ. ಮಾಂಸ ಮಾಡುವುದಿಲ್ಲ, ಆ ಮಗು ಹಸಿದುಕೊಂಡಿದ್ದರೆ? ಎಸಿ ಇಲ್ಲ, ಬರೀ ಕೂಲರು. ಮೇ ತಿಂಗಳಲ್ಲಿ 45 ಡಿಗ್ರಿ ದಾಟಿದಾಗ ಏನು ಮಾಡುವುದು? ಮನೆಯಲ್ಲಿ ಎಲ್ಲರಿಗೂ ಇಂಗ್ಲಿಷು ಸರಾಗವಾಗಿ ಬರುವುದಿಲ್ಲ. ಬಾಡಿಗೆ ಮನೆಯ ಮಾಲಕರು ಏನೆನ್ನುತ್ತಾರೋ. ಇವುಗಳಲ್ಲಿ ಅರ್ಧಕ್ಕೆ ಉತ್ತರ ಸುಲಭ. ಬೇರೆ ಕೋಣೆಯೇ ಬೇಕೆಂದಿಲ್ಲ. ಅಮೆರಿಕದ ನಿಯಮಗಳಲ್ಲೂ ವಿದ್ಯಾರ್ಥಿಗೆ ಪ್ರತ್ಯೇಕ ಹಾಸಿಗೆ ಇರಬೇಕು. ಕೋಣೆಯನ್ನು ಸಮಲಿಂಗದ ಇನ್ನೊಂದು ಮಗುವಿನ ಜೊತೆ ಹಂಚಿಕೊಳ್ಳಬಹುದು ಎಂದೇ ಇದೆ. ಊಟದ ವಿಚಾರವನ್ನು ಅರ್ಜಿಯಲ್ಲೇ ಬರೆದರೆ ಶಾಕಾಹಾರ ಒಪ್ಪುವ ಮಗುವನ್ನೇ ಆ ಮನೆಗೆ ಗೊತ್ತುಮಾಡಬಹುದು. ಇಂಗ್ಲಿಷು ಬಾರದ ಅಜ್ಜಿ ಇದ್ದರೆ ಅದು ಕೊರತೆಯಲ್ಲ, ಲಾಭ. ಆ ಮಗು ಬಂದದ್ದು ಇಂಗ್ಲಿಷು ಕಲಿಯಲಿಕ್ಕಲ್ಲವಲ್ಲ.

ಉಳಿದರ್ಧ ಸಂಕೋಚಗಳು ನಿಜವಾದವು. ಬೋರ್ಡ್ ಪರೀಕ್ಷೆಯ ವರ್ಷದಲ್ಲಿ ಬೇಡವೆನ್ನುವ ತಾಯಿಯ ಮಾತಿಗೆ ಬೆಲೆ ಕೊಡಬೇಕು. ಹಾಸಿಗೆ ಹಿಡಿದ ಹಿರಿಯರಿರುವ ಮನೆಯನ್ನು ಒತ್ತಾಯಿಸಬಾರದು. ಒಪ್ಪಿಸಿ ಮನೆ ಹಿಡಿಯುವುದಲ್ಲ ಸ್ವಯಂಸೇವಕರ ಕೆಲಸ. ಮುಖದಾಕ್ಷಿಣ್ಯಕ್ಕೆ ಹೂಂ ಎಂದ ಮನೆ ಎರಡು ತಿಂಗಳಲ್ಲಿ ಕೈಯೆತ್ತುತ್ತದೆ. ಆಗ ಸೂಟ್‌ಕೇಸು ಹಿಡಿದು ಬೀದಿಯಲ್ಲಿ ನಿಲ್ಲುವುದು ಹದಿನಾರು ವರ್ಷದ ಮಗು.

ಇಡೀ ವರ್ಷದ ಹೊಣೆ ಎಂದು ಹೆದರುವವರಿಗೆ ಒಂದು ವಿಷಯ ತಿಳಿದಿರುವುದಿಲ್ಲ. ರೋಟರಿಯ ದೀರ್ಘ ಅವಧಿಯ ವಿನಿಮಯದಲ್ಲಿ ಒಂದು ಮಗು ಸಾಮಾನ್ಯವಾಗಿ ಒಂದಕ್ಕಿಂತ ಹೆಚ್ಚು ಮನೆಗಳಲ್ಲಿ ಇರುತ್ತದೆ. ಮೂರು ಮನೆ ಸೇರಿದರೆ ಒಂದೊಂದು ಮನೆಗೆ ಮೂರು-ನಾಲ್ಕು ತಿಂಗಳು. ಬೇರೆ ಬೇರೆ ಮನೆಗಳು ಸರದಿ ಹಂಚಿಕೊಂಡು ಒಂದು ಮಗುವನ್ನು ನೋಡಿಕೊಳ್ಳುವ ಈ ಏರ್ಪಾಡು ವಾರಾನ್ನಕ್ಕೆ ಎಷ್ಟು ಹತ್ತಿರ! ತ್ರಿಮೂರ್ತಿ ನಗರದಲ್ಲಿ ಒಂದು ಮನೆ, ಧರಮ್‌ಪೇಠದಲ್ಲಿ ಒಂದು, ಮನೀಷ್ ನಗರದಲ್ಲಿ ಒಂದು ಸಿಕ್ಕಿದರೂ ವರ್ಷ ಕಳೆಯುತ್ತದೆ. ಅಷ್ಟೂ ಆಗದವರು ಭಾನುವಾರದ ಊಟಕ್ಕೆ ಕರೆಯಬಹುದು, ಮುಖ್ಯ ಕುಟುಂಬದವರು ಮದುವೆಗೆಂದು ಊರಿಗೆ ಹೋದಾಗ ನಾಲ್ಕು ದಿನ ನೋಡಿಕೊಳ್ಳಬಹುದು.

ಈ ಕೆಲಸದಲ್ಲಿ ಸಂಘಗಳು ಸಾಮಾನ್ಯವಾಗಿ ಎಡವಬಹುದಾದ ಜಾಗ ಒಂದಿದೆ. ಮಹಾಸಭೆಯಲ್ಲಿ ಅಧ್ಯಕ್ಷರು ಕರೆ ಕೊಡುತ್ತಾರೆ, ಗಂಡಸರು ಕೈ ಎತ್ತುತ್ತಾರೆ, ಚಪ್ಪಾಳೆಯಾಗುತ್ತದೆ. ಬೆಳಗ್ಗೆ ಆರಕ್ಕೆ ಎದ್ದು ಡಬ್ಬಿ ಕಟ್ಟುವವರು ಯಾರು? ಮಗುವಿಗೆ ಜ್ವರ ಬಂದರೆ ರಾತ್ರಿ ಎದ್ದು ಕೂರುವವರು ಯಾರು? ಅವರನ್ನು ಆ ಸಭೆಯಲ್ಲಿ ಯಾರೂ ಕೇಳಿರುವುದಿಲ್ಲ. 1893ರಲ್ಲಿ ಶಿಕಾಗೋ ನಗರದಲ್ಲಿ ವಿಳಾಸ ಕಳೆದುಕೊಂಡು ದಣಿದು ರಸ್ತೆಬದಿಯಲ್ಲಿ ಕುಳಿತ ಸ್ವಾಮಿ ವಿವೇಕಾನಂದರನ್ನು ಎದುರು ಮನೆಯಿಂದ ನೋಡಿ ಒಳಗೆ ಕರೆದವರು ಶ್ರೀಮತಿ ಹೇಲ್. ಅದಕ್ಕೆ ಮೊದಲು ಅವರ ಪಾಲಿಗೆ ಎಷ್ಟೋ ಬಾಗಿಲು ಮುಚ್ಚಿದ್ದವು. ಆ ಮನೆ ಮುಂದೆ ಸ್ವಾಮೀಜಿಯ ಅಮೆರಿಕದ ಮನೆಯೇ ಆಯಿತು. ಬಾಗಿಲು ತೆರೆಯುವ ನಿರ್ಧಾರ ಹೆಚ್ಚಾಗಿ ಮನೆಯೊಡತಿಯದು. ಆದ್ದರಿಂದ ಈ ಹೊಣೆಯನ್ನು ಮಹಿಳಾ ವಿಭಾಗಕ್ಕೇ ಕೊಡುವುದು ಒಳ್ಳೆಯದು. ಗಂಡಸರು ಬೇಕಾದರೆ ಓಡಾಟದ ಕೆಲಸ ನೋಡಿಕೊಳ್ಳಲಿ. ಅರಸಿನ ಕುಂಕುಮದ ದಿನ ಅರ್ಧ ಗಂಟೆ ಮಾತಾಡಿದರೆ ಸಿಗುವಷ್ಟು ಮನೆಗಳು ವೇದಿಕೆಯ ಭಾಷಣದಿಂದ ಸಿಗಲಾರವು.

ಫೋನಿನಲ್ಲಿ ಹೂಂ ಅನ್ನಿಸಿಕೊಂಡರೆ ಮುಗಿಯಲಿಲ್ಲ. ಮನೆಗೆ ಹೋಗಿ, ಇರುವವರೆಲ್ಲರ ಜೊತೆ ಕುಳಿತು ಮಾತಾಡಬೇಕು. ಮಗು ಎಲ್ಲಿ ಮಲಗುತ್ತದೆ, ಶೌಚಾಲಯ ಹೇಗಿದೆ, ಶಾಲೆಗೆ ಹೇಗೆ ಹೋಗುತ್ತದೆ ಎಂದು ಕಣ್ಣಾರೆ ನೋಡಬೇಕು. ಮನೆಯ ಎಲ್ಲ ವಯಸ್ಕರ ಹಿನ್ನೆಲೆಯನ್ನು ವಿಚಾರಿಸಬೇಕು. ಸಂಸ್ಥೆಗಳ ನಿಯಮವೇ ಹಾಗಿದೆ; ರೋಟರಿಯಲ್ಲಿ ಮುಂಚಿತವಾಗಿ ತಿಳಿಸದೆಯೂ ಮನೆಗೆ ಭೇಟಿ ಕೊಡುವ ಪದ್ಧತಿಯಿದೆ. ಮೂವತ್ತು ವರ್ಷ ಸಂಘಕ್ಕೆ ದುಡಿದವರ ಮನೆಯಲ್ಲಿ ಪೊಲೀಸ್ ವಿಚಾರಣೆ ಏಕೆ ಎಂದು ಹಿರಿಯರೊಬ್ಬರು ಮುನಿಸಿಕೊಂಡರೆ, ಬ್ಯಾಂಕಿನಲ್ಲಿ ಎಷ್ಟೇ ಪರಿಚಯದವರಾದರೂ ಕೆವೈಸಿ ಕಾಗದ ಕೊಡಲೇಬೇಕು ಎಂಬುದನ್ನು ನೆನಪಿಸಬೇಕು. ಇಲ್ಲಿ ಒಪ್ಪಿಸುತ್ತಿರುವುದು ಠೇವಣಿಯಲ್ಲ, ಬೇರೊಬ್ಬರ ಮಗು. 2012ರ ಪೋಕ್ಸೋ ಕಾಯ್ದೆ ಹದಿನೆಂಟು ವರ್ಷದೊಳಗಿನ ಎಲ್ಲ ಮಕ್ಕಳಿಗೂ ಅನ್ವಯಿಸುತ್ತದೆ. ಪಾಸ್‌ಪೋರ್ಟು ಯಾವ ದೇಶದ್ದೆಂದು ಅದು ಕೇಳುವುದಿಲ್ಲ. ಮಗು ದೂರು ಹೇಳಿದರೆ ಸ್ವಯಂಸೇವಕರು ಮೊದಲು ಮಗುವಿನ ಕಡೆ ನಿಲ್ಲಬೇಕು, ಸಂಘದ ಮರ್ಯಾದೆಯ ಮಾತು ಆಮೇಲೆ. ಹೊಂದಾಣಿಕೆಯಾಗದೆ ಮನೆ ಬದಲಿಸಬೇಕಾದರೆ ಅದನ್ನು ಯಾರ ಅವಮಾನವೆಂದೂ ತಿಳಿಯಬಾರದು.

ಕಾಗದಪತ್ರದ ಒಂದು ಕೆಲಸವನ್ನು ಮಾತ್ರ ಮರೆಯಕೂಡದು. ವಿದೇಶಿಯರನ್ನು ಉಳಿಸಿಕೊಂಡವರು ಅವರು ಬಂದ 24 ಗಂಟೆಯೊಳಗೆ ನೋಂದಣಿ ಅಧಿಕಾರಿಗೆ ಮಾಹಿತಿ ಕೊಡಬೇಕು. ಹೊಟೇಲಿಗೆ ಹೇಗೋ ಮನೆಗೂ ಹಾಗೆಯೇ. 1946ರ ವಿದೇಶಿಯರ ಕಾಯ್ದೆಯ ಜಾಗದಲ್ಲಿ 2025ರ ಸೆಪ್ಟೆಂಬರ್ 1ರಿಂದ ಹೊಸ ಕಾಯ್ದೆ ಜಾರಿಗೆ ಬಂದಿದೆ, ಆದರೆ ಈ ಹೊಣೆ ತಪ್ಪಿಲ್ಲ. ಆನ್‌ಲೈನಿನಲ್ಲಿ ಹತ್ತು ನಿಮಿಷದ ಕೆಲಸ. ನಿವೃತ್ತ ನೌಕರರು ಪ್ರತಿ ಸಂಘದಲ್ಲೂ ಇದ್ದಾರೆ. ಅವರಲ್ಲಿ ಒಬ್ಬರು ಇದನ್ನು ವಹಿಸಿಕೊಂಡರೆ ಮನೆಯವರಿಗೆ ತಲೆನೋವಿಲ್ಲ.

ಬಂದ ಮಗುವಿಗೆ ನಾಗಪುರದ ಕನ್ನಡ ಮನೆಯಲ್ಲಿ ಸಿಗುವುದೇನು? ಶಾಲೆಯಲ್ಲಿ ಇಂಗ್ಲಿಷು, ಬೀದಿಯಲ್ಲಿ ಮರಾಠಿ-ಹಿಂದಿ, ಅಡುಗೆಮನೆಯಲ್ಲಿ ಕನ್ನಡ. ಕೆಲವೆಡೆ ತುಳುವೋ ಕೊಂಕಣಿಯೋ ಕೂಡ. ಭಾರತ ಎಂದರೆ ಏನೆಂಬುದನ್ನು ಇದಕ್ಕಿಂತ ಸುಲಭವಾಗಿ ತಿಳಿಸುವ ಪಠ್ಯಪುಸ್ತಕವಿಲ್ಲ. ಶ್ರಾವಣದ ಕೊನೆಗೆ ಪೋಳಾ ಹಬ್ಬ, ಮಕ್ಕಳು ಮರದ ಎತ್ತು ಎಳೆದುಕೊಂಡು ಬರುವ ತಾನ್ಹಾ ಪೋಳಾ, ಕೆಡುಕನ್ನು ಊರಾಚೆ ಕಳಿಸುವ ಮಾರ್ಬತ್ ಮೆರವಣಿಗೆ. ಇವನ್ನು ನೋಡಿದ ಮಗು ಮನೆಗೆ ಬಂದು ಅರ್ಥ ಕೇಳುತ್ತದೆ. ಇಲ್ಲೇ ಹುಟ್ಟಿ ಬೆಳೆದ ಮನೆಯ ಮಕ್ಕಳಿಗೂ ಅಂದೇ ಮೊದಲ ಬಾರಿಗೆ ಅರ್ಥ ಗೊತ್ತಾಗುವ ಸಂಭವವೇ ಹೆಚ್ಚು. ಅಮ್ಮ ಕನ್ನಡದಲ್ಲಿ ಕೇಳಿದ್ದಕ್ಕೆ ಮಗ ಹಿಂದಿಯಲ್ಲಿ ಉತ್ತರಿಸುವ ಮನೆಗಳು ಸಂಘದಲ್ಲಿ ಕಡಿಮೆಯಿಲ್ಲ. ಅಂಥ ಮನೆಯಲ್ಲಿ ಹೊರಗಿನ ಹುಡುಗಿಯೊಬ್ಬಳು ಊಟಕ್ಕೆ ಕುಳಿತು ಸಾರು, ಪಲ್ಯ, ಇನ್ನು ಸಾಕು ಎಂದು ಕಲಿಯತೊಡಗಿದರೆ ಮಗನಿಗೂ ಸ್ವಲ್ಪ ನಾಚಿಕೆಯಾದೀತು.

ಎಲ್ಲ ಪ್ರಶ್ನೆಗಳೂ ಹಬ್ಬದ ಪ್ರಶ್ನೆಗಳಾಗಿರುವುದಿಲ್ಲ. ನಾಗಪುರಕ್ಕೆ ಬಂದ ಮಗುವನ್ನು ಯಾರಾದರೂ ದೀಕ್ಷಾಭೂಮಿಗೆ ಕರೆದೊಯ್ದೇ ಒಯ್ಯುತ್ತಾರೆ. 1956ರ ಅಕ್ಟೋಬರ್ 14ರಂದು ಡಾ. ಬಾಬಾಸಾಹೇಬ ಅಂಬೇಡ್ಕರ್ ಅವರು ಲಕ್ಷಾಂತರ ಜನರೊಡನೆ ಅಲ್ಲಿ ಬೌದ್ಧ ಧರ್ಮವನ್ನು ಏಕೆ ಸ್ವೀಕರಿಸಿದರು ಎಂದು ಆ ಮಗು ಕೇಳುತ್ತದೆ. ಉತ್ತರ ಹೇಳಿ ಮುಗಿಸುವಷ್ಟರಲ್ಲಿ, ಮನೆಗೆಲಸದವಳ ಚಹಾದ ಲೋಟ ಮಾತ್ರ ಬೇರೆ ಗೂಡಿನಲ್ಲಿ ಏಕಿದೆ ಎಂಬ ಪ್ರಶ್ನೆಯೂ ಬರಬಹುದು. ಇದಕ್ಕೆ ಸಿದ್ಧವಿರುವ ಮನೆಯೇ ಬೇಕು. ದೊಡ್ಡ ಮನೆ, ಎಸಿ, ಕಾರು ಇವೆಲ್ಲ ಆಮೇಲೆ.

ವಿದೇಶಿ ಮಗು ಎಂದರೆ ಬಿಳಿಯ ಚರ್ಮದ್ದು ಎಂಬ ಎಣಿಕೆಯೂ ಹೋಗಬೇಕು. ಆಫ್ರಿಕ, ಏಷ್ಯದ ಬೇರೆ ಬೇರೆ ದೇಶಗಳಿಂದ ಭಾರತದ ಕಾಲೇಜುಗಳಿಗೆ ಓದಲು ಬರುವವರು ಬಹಳ. ವರ್ಧಾದ ಹಿಂದಿ ವಿಶ್ವವಿದ್ಯಾಲಯಕ್ಕೆ ಹಿಂದಿ ಕಲಿಯಲು ವಿದೇಶಿ ವಿದ್ಯಾರ್ಥಿಗಳು ಬರುತ್ತಾರೆ. ಅದು ನಾಗಪುರದಿಂದ ರೈಲಿನಲ್ಲಿ ಒಂದೂವರೆ ಗಂಟೆಯೊಳಗಿನ ದಾರಿ. ಇವರು ಹಾಸ್ಟೆಲಿನಲ್ಲಿ ಇರುವವರು, ವರ್ಷವಿಡೀ ಮನೆಯ ಅಗತ್ಯವಿಲ್ಲ, ಆದರೆ ಹಬ್ಬದ ದಿನ ಒಂದು ಮನೆಯ ಅಗತ್ಯ ಇವರಿಗೂ ಇದೆ. 2016ರ ಜನವರಿ ಕೊನೆಯಲ್ಲಿ ಬೆಂಗಳೂರಿನ ಹೊರವಲಯದಲ್ಲಿ, ಬೇರೆ ದೇಶದ ವಿದ್ಯಾರ್ಥಿಯೊಬ್ಬನ ಕಾರಿನಿಂದಾದ ಅಪಘಾತಕ್ಕಾಗಿ, ಅದಕ್ಕೆ ಏನೇನೂ ಸಂಬಂಧವಿಲ್ಲದ ತಾಂಜಾನಿಯದ ವಿದ್ಯಾರ್ಥಿನಿಯ ಮೇಲೆ ಗುಂಪು ಕೈಮಾಡಿತು. ಕನ್ನಡ ನಾಡಿನ ಹೆಸರಿಗೆ ಅಂಟಿದ ಆ ಕಲೆ ಯಾವ ಖಂಡನಾ ನಿರ್ಣಯದಿಂದಲೂ ಹೋಗಿಲ್ಲ. ಆ ಬಡಾವಣೆಯ ಹತ್ತು ಮನೆಗಳಲ್ಲಾದರೂ ಆ ವಿದ್ಯಾರ್ಥಿಗಳು ಒಮ್ಮೆ ಊಟ ಮಾಡಿ ಹೋಗಿದ್ದರೆ, ಗುಂಪಿನಲ್ಲಿ ಒಬ್ಬರಾದರೂ ಈಕೆ ಅವನಲ್ಲ, ಬಿಡಿ ಎಂದು ಕೂಗುತ್ತಿದ್ದರೋ ಏನೋ.

ಮನೆ ಹುಡುಕುವವರಿಗೆ ಕಾಲದ ಲೆಕ್ಕವೂ ಇರಬೇಕು. ದೀರ್ಘ ಅವಧಿಯ ವಿದ್ಯಾರ್ಥಿಗಳು ಹೆಚ್ಚಾಗಿ ಜುಲೈ-ಆಗಸ್ಟಿನಲ್ಲಿ ಬರುತ್ತಾರೆ. ಅದಕ್ಕೆ ಮೊದಲು ಮನೆ ನೋಡಿ, ವಿಚಾರಣೆ ಮುಗಿಸಿ, ವೀಸಾದ ಕಾಗದಕ್ಕೆ ಬೇಕಾದ ವಿವರ ಕಳಿಸಿ ಆಗಿರಬೇಕು. ಏಪ್ರಿಲ್ ಕಳೆಯಿತೆಂದರೆ ನಾಗಪುರದ ಕನ್ನಡಿಗರು ಕೈಗೆ ಸಿಗುವುದಿಲ್ಲ. ಕರ್ನಾಟಕ ಎಕ್ಸ್‌ಪ್ರೆಸ್ ಈ ಊರಿಗೆ ಬಾರದೆ ಮನ್ಮಾಡಿನ ಕಡೆಯಿಂದಲೇ ಹೋಗುವುದರಿಂದ ಎಲ್ಲರೂ ಸಂಘಮಿತ್ರದಲ್ಲಿ ಸೀಟು ಹಿಡಿದು ಬೇಸಗೆ ರಜೆಗೆ ಊರು ಸೇರಿರುತ್ತಾರೆ. ಹಾಗಾಗಿ ಸಂಕ್ರಾಂತಿಯ ಅರಸಿನ ಕುಂಕುಮದಲ್ಲಿ ವಿಷಯ ತೆಗೆದು, ಯುಗಾದಿಯ ಹೊತ್ತಿಗೆ ಮೂರು ಮನೆಗಳ ಹೆಸರು ಬರೆದುಕೊಂಡಿರಬೇಕು. ಮೂರು ಸಿಗದಿದ್ದರೆ ಎರಡಾದರೂ ಸರಿ, ಆ ವರ್ಷಕ್ಕೆ ಒಂದು ಮಗುವಿಗೆ ಸಾಕು.